ಹಳೆಯ ಪೆಟ್ರೋಲ್ ಕಾರು: ಸೆನ್ಸರ್ ಬದಲಿಸಿದರೂ ಚೆಕ್ ಎಂಜಿನ್ ದೀಪ ಮತ್ತೆ ಮತ್ತೆ ಉರಿಯುತ್ತಿದೆ

ನೀರ್ಚಾಲು ಮಾಸ್ತರ (ಪ್ರಶ್ನೆ)

ನಮ್ಮ ಮನೆಯಲ್ಲಿರುವುದು 2014ರ ಮಾದರಿಯ, ಮೂರು ಸಿಲಿಂಡರಿನ, ಒಂದು ಲೀಟರ್ ಎಂಜಿನ್ನಿನ ಪೆಟ್ರೋಲ್ ಕಾರು. ನೀರ್ಚಾಲಿನಿಂದ ಕಾಸರಗೋಡಿನ ಶಾಲೆಗೆ ದಿನವೂ ಹೋಗಿ ಬರುವುದಕ್ಕೂ, ಆಗಾಗ ತಂದೆಯವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದಕ್ಕೂ ನಮಗಿರುವ ವಾಹನ ಇದೊಂದೇ ಆದ್ದರಿಂದ, ಅದು ದಾರಿಯಲ್ಲಿ ಕೈಕೊಡಬಾರದು ಎಂಬುದೇ ನನ್ನ ಮುಖ್ಯ ಚಿಂತೆ.

ಕಳೆದ ಮಳೆಗಾಲ ಮುಗಿಯುತ್ತಿದ್ದಂತೆ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಮಿನುಗುವುದಿಲ್ಲ, ಒಂದೇ ಸಮನೆ ಉರಿಯುತ್ತದೆ. ಪರಿಚಯದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದಾಗ ಪಿ0171 ಎಂಬ ಕೋಡ್ ಬಂತು. ಎಂಜಿನ್ನಿನಲ್ಲಿ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿದೆ ಎಂದು ಅದರ ಅರ್ಥವೆಂದೂ, ಇದನ್ನು ಅಳೆಯುವ ಆಕ್ಸಿಜನ್ ಸೆನ್ಸರ್ ಹಳತಾಗಿರುವುದೇ ಕಾರಣವೆಂದೂ ಹೇಳಿ ಸೆನ್ಸರನ್ನು ಬದಲಿಸಿದರು. ದೀಪ ಆರಿತು. ಕೆಲವು ದಿನ ಕಳೆದು ಮತ್ತೆ ಹೊತ್ತಿತು, ಕೋಡ್ ಅದೇ. ಆ ಬಳಿಕ ಬ್ಯಾಟರಿಯ ಟರ್ಮಿನಲ್ ಕಳಚಿ ಸ್ವಲ್ಪ ಹೊತ್ತು ಬಿಟ್ಟು ಜೋಡಿಸಿದರು, ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನು ಸ್ವಚ್ಛಗೊಳಿಸಿದರು, ಹೊಸ ಏರ್ ಫಿಲ್ಟರ್ ಹಾಕಿದರು. ಪ್ರತಿ ಸಲವೂ ದೀಪ ಕೆಲವು ದಿನ ಆರಿರುತ್ತದೆ, ಮತ್ತೆ ಬರುತ್ತದೆ. ಈಗ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳನ್ನು ಬದಲಿಸೋಣ, ಅದರಿಂದಲೂ ಸರಿಯಾಗದಿದ್ದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ನೋಡಬೇಕಾದೀತು ಎನ್ನುತ್ತಿದ್ದಾರೆ. ಇಷ್ಟು ಹಳೆಯ ಕಾರಿಗೆ ಅಷ್ಟು ಖರ್ಚು ಮಾಡುವ ಮೊದಲು ತಿಳಿದವರನ್ನು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗಮನಕ್ಕೆ ಬಂದ ಬೇರೆ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಮೊದಲು ಲೀಟರಿಗೆ 18 ಕಿಲೋಮೀಟರ್ ಕೊಡುತ್ತಿದ್ದ ಕಾರು ಈಗ 15ರ ಆಸುಪಾಸಿನಲ್ಲಿದೆ. ಥ್ರಾಟಲ್ ಬಾಡಿ ಬಿಚ್ಚಿದ ದಿನ ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದು ತೋರಿಸಿದ್ದರು. ಮೂರರ ತುದಿಯಲ್ಲೂ ಬೆರಳಿಗೆ ಅಂಟುವ ಕಪ್ಪು ಮಸಿ ಇತ್ತು. ಬೆಳಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬಾನೆಟಿನ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಮುಖ್ಯರಸ್ತೆ ಸೇರುವಷ್ಟರಲ್ಲಿ ನಿಂತುಹೋಗುತ್ತದೆ. ಅದು ವಾಲ್ವಿನ ಸದ್ದು, ಹಳೆಯ ಎಂಜಿನ್ನಿಗೆ ಸಹಜ ಎಂದು ಗ್ಯಾರೇಜಿನವರು ಹೇಳಿದರು. ಏರುದಾರಿಯಲ್ಲಿ ಎಳೆಯುವ ಶಕ್ತಿಯೇನೂ ಕುಂದಿಲ್ಲ.

ದೀಪ ಉರಿಯುತ್ತಿರುವಾಗಲೇ ಮಂಗಳೂರಿನವರೆಗೆ ಓಡಿಸಬಹುದೇ? ಕಾರಣವನ್ನು ಹುಡುಕುವುದಾದರೆ ಎಲ್ಲಿಂದ ಆರಂಭಿಸಬೇಕು?

ಉಪ್ಪಳ ಗ್ಯಾರೇಜು

ಮಾಸ್ತರರೇ, ಓಡಿಸಬಹುದೇ ಎಂಬುದಕ್ಕೆ ಮೊದಲು ಉತ್ತರಿಸುತ್ತೇನೆ. ದೀಪ ಒಂದೇ ಸಮನೆ ಉರಿಯುತ್ತಿದ್ದು, ಎಂಜಿನ್ ನಡುಗದೆ, ಬಿಸಿ ಏರದೆ ಓಡುತ್ತಿದ್ದರೆ ಮಂಗಳೂರಿಗೆ ಹೋಗಿ ಬರಲು ಅಡ್ಡಿಯಿಲ್ಲ. ಅದೇ ದೀಪ ಮಿನುಗತೊಡಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೆಯೇ ಹೊರಗೆ ಹೋಗುತ್ತಿದೆ ಎಂದು ತಿಳಿಯಬೇಕು. ಆ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಹೊತ್ತಿಕೊಂಡು ಅದನ್ನು ಸುಟ್ಟು ಹಾಳುಮಾಡುತ್ತದೆ. ಆಗ ವೇಗ ತಗ್ಗಿಸಿ, ಸುರಕ್ಷಿತವಾದ ಜಾಗ ಕಂಡಲ್ಲಿ ನಿಲ್ಲಿಸುವುದೇ ಸರಿ. ಎಂಜಿನ್ ಆಯಿಲಿನ ಕೆಂಪು ದೀಪದ ವಿಚಾರ ಬೇರೆ, ಅದು ಹೊತ್ತಿದರೆ ಒಂದು ನಿಮಿಷವೂ ಓಡಿಸಬಾರದು.

ಇನ್ನು ನಿಮ್ಮ ಕೋಡಿನ ವಿಚಾರ. ಪಿ0171 ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಆಕ್ಸಿಜನ್ ಸೆನ್ಸರಿನ ವರದಿಯನ್ನು ನಂಬಿ ಇಸಿಯು ಪೆಟ್ರೋಲನ್ನು ಹೆಚ್ಚಿಸುತ್ತಾ ಹೋಗಿ, ತನಗೆ ಹಾಕಿಕೊಟ್ಟ ಮಿತಿಯನ್ನು ಮುಟ್ಟಿತು ಎಂಬುದಷ್ಟೇ ಅದರ ತಾತ್ಪರ್ಯ. ಸೆನ್ಸರಿನ ಸರ್ಕ್ಯೂಟೇ ಹಾಳಾಗಿದ್ದರೆ ಸಾಮಾನ್ಯವಾಗಿ ಪಿ0130ರಿಂದ ಪಿ0135ರ ನಡುವಿನ ಕೋಡ್ ಬರುತ್ತದೆ. ಪಿ0171 ಬಂದ ಕೂಡಲೇ ಸೆನ್ಸರ್ ಬದಲಿಸುವುದು ನಮ್ಮ ಕಸುಬಿನಲ್ಲಿ ಎಲ್ಲೆಡೆ ನಡೆಯುತ್ತಿದೆ, ಗಿರಾಕಿಯ ಹಣ ವ್ಯರ್ಥವಾಗುವುದು ಹೀಗೆಯೇ ಎಂದು ನನಗೆ ನಿಜಕ್ಕೂ ಬೇಸರವಿದೆ.

ದೀಪ ಆರಿತು ಎಂಬುದನ್ನು ರಿಪೇರಿಗೆ ಸಾಕ್ಷಿಯೆಂದು ತೆಗೆದುಕೊಳ್ಳಬೇಡಿ. ಸ್ಕ್ಯಾನರಿನಿಂದ ಕೋಡ್ ಅಳಿಸಿದರೂ, ಬ್ಯಾಟರಿ ಕಳಚಿದರೂ ದೀಪ ಆರುತ್ತದೆ. ಈ ಬಗೆಯ ದೋಷವನ್ನು ಇಸಿಯು ಒಂದು ಓಡಾಟದಲ್ಲಿ ಕಂಡು ನೆನಪಿಟ್ಟುಕೊಂಡು, ಮುಂದಿನ ಓಡಾಟದಲ್ಲೂ ಕಂಡರೆ ಮಾತ್ರ ದೀಪ ಹೊತ್ತಿಸುತ್ತದೆ. ಅಳಿಸಿದ ಮೇಲೆ ಅದು ಕಲಿತದ್ದೆಲ್ಲ ಮರೆತು ಮೊದಲಿನಿಂದ ಕಲಿಯಬೇಕಾಗುವುದರಿಂದ ನಿಮಗೆ ಕೆಲವು ದಿನಗಳ ಬಿಡುವು ಸಿಗುತ್ತದೆ, ಅಷ್ಟೇ. ದೋಷ ನಿಜವಾಗಿ ಹೋದರೆ ಯಾರೂ ಅಳಿಸಬೇಕಾಗಿಲ್ಲ. ಸತತ ಮೂರು ಓಡಾಟಗಳಲ್ಲಿ ಎಲ್ಲವೂ ಸರಿ ಕಂಡರೆ ದೀಪ ತಾನಾಗಿ ಆರುತ್ತದೆ, ಎಂಜಿನ್ 40 ಸಲ ತಣಿದು ಬಿಸಿಯಾಗುವಷ್ಟರಲ್ಲಿ ಕೋಡೂ ನೆನಪಿನಿಂದ ಅಳಿಯುತ್ತದೆ. ಇನ್ನೊಂದು ನಷ್ಟವೆಂದರೆ ಫ್ರೀಜ್ ಫ್ರೇಮ್. ದೋಷ ದಾಖಲಾದ ಗಳಿಗೆಯಲ್ಲಿ ಎಂಜಿನ್ನಿನ ವೇಗ, ಬಿಸಿ, ಹೊರೆ ಎಷ್ಟಿತ್ತು ಎಂದು ಇಸಿಯು ಬರೆದಿಟ್ಟುಕೊಳ್ಳುವ ದಾಖಲೆಯದು, ಅಳಿಸಿದಾಗ ಅದೂ ಹೋಗುತ್ತದೆ. ಆದ್ದರಿಂದ ದಯವಿಟ್ಟು ಈ ಸಲ ಯಾರಿಗೂ ಅಳಿಸಲು ಬಿಡಬೇಡಿ.

ನಮ್ಮ ದೇಶದಲ್ಲಿ ಬಿಎಸ್-4 ಹೊಗೆ ನಿಯಮದ ಕಾರುಗಳಿಗೆ 2010ರ ಏಪ್ರಿಲಿನಿಂದ ಓಬಿಡಿಯ, ಅಂದರೆ ಕಾರು ತನ್ನ ದೋಷವನ್ನು ತಾನೇ ಗುರುತಿಸುವ ವ್ಯವಸ್ಥೆಯ, ಮೊದಲ ಹಂತವನ್ನೂ 2013ರ ಏಪ್ರಿಲಿನಿಂದ ಎರಡನೆಯ ಹಂತವನ್ನೂ ಕಡ್ಡಾಯ ಮಾಡಿದ್ದರಿಂದ ನಿಮ್ಮ ಕಾರಿನಲ್ಲಿ ಸ್ಟಿಯರಿಂಗಿನ ಕೆಳಭಾಗದಲ್ಲಿ 16 ಪಿನ್ನುಗಳ ಸಾಕೆಟ್ ಇರುತ್ತದೆ. ಅದಕ್ಕೆ ಚುಚ್ಚುವ ಇಎಲ್‌ಎಂ327 ಬಗೆಯ ಬ್ಲೂಟೂತ್ ಅಡಾಪ್ಟರ್ ಸಾವಿರ ರೂಪಾಯಿಯೊಳಗೆ ಸಿಗುತ್ತದೆ; ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡರೆ ನೀವೇ ಓದಬಹುದು. ಓದಬೇಕಾದದ್ದು ಮುಖ್ಯವಾಗಿ ಫ್ಯೂಯೆಲ್ ಟ್ರಿಮ್. ಲೆಕ್ಕಕ್ಕೆ ಬಂದ ಪೆಟ್ರೋಲಿಗಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಕೊಡಬೇಕಾಯಿತು ಎಂಬ ಅಂಕಿಯದು. ತತ್ಕಾಲದ್ದು ಒಂದು, ದೀರ್ಘಕಾಲದ್ದು ಒಂದು ಇರುತ್ತದೆ. ಎರಡನ್ನೂ ಕೂಡಿಸಿ. ಶೇಕಡಾ 10ರೊಳಗೆ ಇದ್ದರೆ ಚಿಂತೆಯಿಲ್ಲ, 20 ದಾಟಿದರೆ ಈ ಕೋಡ್ ಬರುವುದು ಸಹಜ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ನಿಲ್ಲಿಸಿ ಒಮ್ಮೆ, ಏರುದಾರಿಯಲ್ಲಿ ಪಕ್ಕದಲ್ಲಿ ಕುಳಿತವರಿಂದ ಒಮ್ಮೆ ಓದಿಸಿಕೊಂಡು ಬರೆದಿಡಿ. ಹೊರೆ ಬಿದ್ದಾಗ ಅಂಕಿ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರಿನ ಕಡೆ ನೋಡಬೇಕು. ಐಡಲಿನಲ್ಲಿ ಹೆಚ್ಚಿದ್ದು ವೇಗ ಏರಿದಾಗ ತಗ್ಗಿದರೆ ಎಲ್ಲೋ ಗಾಳಿ ಸೇರುತ್ತಿದೆ. ಹತ್ತು ವರ್ಷ ದಾಟಿದ ಕಾರಿನಲ್ಲಿ ಎಂಜಿನ್ನಿನ ಒಳಗಿನ ಆವಿಯನ್ನು ಗಾಳಿದಾರಿಗೆ ಮರಳಿಸುವ ಪಿಸಿವಿ ಪೈಪು, ಬ್ರೇಕ್ ಬೂಸ್ಟರಿನ ಪೈಪು ಇವುಗಳನ್ನು ಬೆರಳಿನಿಂದ ಬಾಗಿಸಿ, ಕೆಳಬದಿಯನ್ನೂ ನೋಡಿ; ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಸಂದು ಮುಚ್ಚುವ ಗ್ಯಾಸ್ಕೆಟನ್ನೂ ನೋಡಿ. ಹಳೆಯ ರಬ್ಬರಿನ ಬಿರುಕು ಮೇಲಿನಿಂದ ಕಾಣುವುದಿಲ್ಲ. ಬಿಸಿ ಎಂಜಿನ್ನಿನ ಮೇಲೆ ಕಾರ್ಬುರೇಟರ್ ಕ್ಲೀನರ್ ಸಿಂಪಡಿಸಿ ಹುಡುಕುವ ಪದ್ಧತಿಯಿದೆ, ಆದರೆ ಅದು ಬೆಂಕಿ ಹಿಡಿಯುವ ದ್ರವವಾದ್ದರಿಂದ ಮನೆಯಲ್ಲಿ ಮಾಡಬೇಡಿ.

ಹೊಸಂಗಡಿ ಹೆದ್ದಾರಿ

ಪೆಟ್ರೋಲಿನ ಬಗ್ಗೆಯೂ ಯೋಚಿಸಬೇಕೆಂದು ನನ್ನ ಅಭಿಪ್ರಾಯ. ಶೇಕಡಾ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಕೊಟ್ಟ ಮೇಲೆ ಅದು ಹಂತ ಹಂತವಾಗಿ ಎಲ್ಲ ಪಂಪುಗಳಿಗೂ ಬಂದಿದೆ. ಎಥನಾಲಿನ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ ಅದು ಉರಿಯಲು ಕಡಿಮೆ ಗಾಳಿ ಸಾಕು. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5 ಸಾಕು. 2014ರ ಕಾರಿನ ಲೆಕ್ಕಾಚಾರ ಇ20ಕ್ಕೆಂದು ಮಾಡಿದ್ದಲ್ಲ. ಅದೇ ಗಾಳಿಗೆ ಹಳೆಯ ಲೆಕ್ಕದ ಪೆಟ್ರೋಲ್ ಕೊಟ್ಟರೆ ಕಡಿಮೆಯಾಗುತ್ತದೆ, ಇಸಿಯು ಹೆಚ್ಚಿಸಲೇಬೇಕು. ಮೈಲೇಜು ಕುಸಿಯುವುದಕ್ಕೂ ಇದು ಕಾರಣ. ಇ20ಕ್ಕೆ ಹೊಂದಿಸಿರದ ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಮಾಸ್ತರರ ಕಾರಿನ ದೀಪಕ್ಕೂ ಇದೇ ಕಾರಣ ಏಕಾಗಬಾರದು?

ನೀರ್ಚಾಲು ಮಾಸ್ತರ

ಉಪ್ಪಳದವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞನಾಗಿದ್ದೇನೆ. ಅಡಾಪ್ಟರ್ ತರಿಸಿಕೊಂಡು ನೀವು ಹೇಳಿದ ಕ್ರಮದಲ್ಲಿ ಓದಿದ್ದೇನೆ, ಕೋಡನ್ನು ಅಳಿಸಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಐಡಲಿನಲ್ಲಿ ಎರಡು ಟ್ರಿಮ್ಮುಗಳ ಮೊತ್ತ ಶೇಕಡಾ 22. ನಿಂತಲ್ಲೇ 2500 ಆರ್‌ಪಿಎಂಗೆ ರೇಸ್ ಮಾಡಿ ಹಿಡಿದಾಗ ಅದು 6ಕ್ಕೆ ಇಳಿಯುತ್ತದೆ. ಪೆರ್ಲದ ಕಡೆಯ ಏರಿನಲ್ಲಿ ಮಗಳು ಓದಿ ಹೇಳಿದಂತೆ 5-6. ಫ್ರೀಜ್ ಫ್ರೇಮ್ ನೋಡಿದರೆ ದೋಷ ದಾಖಲಾದಾಗ ಕಾರು ನಿಂತಿತ್ತು, ಎಂಜಿನ್ ಐಡಲಿನಲ್ಲಿತ್ತು. ಹೆದ್ದಾರಿ 66ರ ಕಾಮಗಾರಿಯಿಂದ ಕಾಸರಗೋಡು ಪೇಟೆಯಲ್ಲಿ ಬಹಳ ಹೊತ್ತು ನಿಲ್ಲಬೇಕಾಗುವುದು ನೆನಪಾಯಿತು.

ರಬ್ಬರಿನ ಪೈಪುಗಳನ್ನೆಲ್ಲ ಬಾಗಿಸಿ ನೋಡಿದೆ. ಪಿಸಿವಿ ಪೈಪು ಗಡುಸಾಗಿದೆ, ಆದರೆ ಬಿರುಕಿಲ್ಲ. ಇಲಿ ಕಡಿದ ಗುರುತೂ ಇಲ್ಲ. ಆ್ಯಪಿನಲ್ಲಿ ಕಂಡ ಬೇರೆ ಅಂಕಿಗಳಿವು: ಐಡಲ್ ವೇಗ 800ರ ಹತ್ತಿರ ಸ್ಥಿರವಾಗಿದೆ. ಕೀ ಆನ್ ಮಾಡಿ ಸ್ಟಾರ್ಟ್ ಮಾಡದೆ ಇದ್ದಾಗ ಮ್ಯಾನಿಫೋಲ್ಡಿನ ಒತ್ತಡ 100 ಕಿಲೋಪಾಸ್ಕಲ್, ಐಡಲಿನಲ್ಲಿ 34. ಕನ್ವರ್ಟರಿಗಿಂತ ಮೊದಲಿರುವ ಮುಂದಿನ ಆಕ್ಸಿಜನ್ ಸೆನ್ಸರ್ ಐಡಲಿನಲ್ಲಿ ಹೆಚ್ಚು ಹೊತ್ತು 0.1 ವೋಲ್ಟಿನ ಆಸುಪಾಸಿನಲ್ಲಿರುತ್ತದೆ, ನಡುನಡುವೆ ಮೇಲೆ ಜಿಗಿಯುತ್ತದೆ; ಒಮ್ಮೆಲೇ ರೇಸ್ ಕೊಟ್ಟರೆ 0.9ಕ್ಕೆ ಏರುತ್ತದೆ. ಗಾಳಿಯನ್ನು ಅಳೆಯುವ ಸೆನ್ಸರಿನ ಅಂಕಿ ಎಲ್ಲೂ ಕಾಣಲಿಲ್ಲ.

ಪೆರ್ಲ ಆಟೋಮೊಬೈಲ್

ಮಾಸ್ತರರೇ, ಬಹುಕಾಲ ಪಾಲಿಟೆಕ್ನಿಕ್ಕಿನಲ್ಲಿ ಈ ವಿಷಯವನ್ನೇ ಕಲಿಸಿದವನಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ನೀವು ಕೊಟ್ಟ ವಿವರಗಳಲ್ಲೇ ಉತ್ತರ ಬಹುಮಟ್ಟಿಗೆ ಇದೆ.

ನಿಮ್ಮ ಮೊದಲ ಬರಹದಲ್ಲಿ ಒಂದಕ್ಕೊಂದು ಹೊಂದದ ಎರಡು ಸಂಗತಿಗಳಿವೆ. ಕೋಡ್ ಪೆಟ್ರೋಲ್ ಕಡಿಮೆ ಎನ್ನುತ್ತದೆ, ಪ್ಲಗ್ಗಿನ ಮಸಿ ಪೆಟ್ರೋಲ್ ಹೆಚ್ಚು ಎನ್ನುತ್ತದೆ. ನಿಜವಾಗಿ ಪೆಟ್ರೋಲ್ ಕಡಿಮೆಯಾಗಿ ಓಡಿದ ಎಂಜಿನ್ನಿನ ಪ್ಲಗ್ಗು ಬಿಳಿಚಿಕೊಂಡಿರುತ್ತದೆ. ಮೂರು ಪ್ಲಗ್ಗುಗಳೂ ಕಪ್ಪಾಗಿರಲು ಸಾಧ್ಯವಿಲ್ಲ. ಎರಡರಲ್ಲಿ ಯಾವುದನ್ನು ನಂಬಬೇಕು ಎಂದರೆ ಪ್ಲಗ್ಗನ್ನು, ಏಕೆಂದರೆ ಅದು ಉರಿಯುವ ಜಾಗದಲ್ಲೇ ಇದೆ. ಸೆನ್ಸರ್ ಇರುವುದು ಅಲ್ಲಿಂದ ಮುಂದೆ, ಹೊಗೆ ಹೊರಹೋಗುವ ದಾರಿಯಲ್ಲಿ. ಉರಿಯುವ ಜಾಗಕ್ಕೂ ಸೆನ್ಸರಿಗೂ ನಡುವೆ ಹೊರಗಿನ ಗಾಳಿ ಸೇರಿದರೆ, ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನೂ ಸೇರಿಸಿ ಅಳೆದು, ಪೆಟ್ರೋಲ್ ಸಾಲದು ಎಂದು ವರದಿ ಮಾಡುತ್ತದೆ. ಇಸಿಯು ಅದನ್ನು ನಂಬಿ ಸುರಿಯುತ್ತದೆ. ಸೌಟಿನಲ್ಲಿದ್ದ ಸಾರಿಗೆ ನೀರು ಬಿದ್ದದ್ದನ್ನು ತಿಳಿಯದೆ ರುಚಿ ನೋಡಿ, ಇಡೀ ಪಾತ್ರೆಗೆ ಉಪ್ಪು ಹಾಕಿದ ಹಾಗೆ ಇದು. ಸೆನ್ಸರ್ ಹೊಸತಾದರೂ ವರದಿ ಬದಲಾಗುವುದಿಲ್ಲ, ಏಕೆಂದರೆ ಅದು ತನ್ನೆದುರು ಇರುವುದನ್ನು ಸರಿಯಾಗಿಯೇ ಅಳೆಯುತ್ತಿದೆ. 0.1 ವೋಲ್ಟ್ ಎಂದರೆ ಪೆಟ್ರೋಲ್ ಕಡಿಮೆ, 0.9 ಎಂದರೆ ಹೆಚ್ಚು ಎಂಬ ವರದಿ; ರೇಸ್ ಕೊಟ್ಟಾಗ 0.9 ವೋಲ್ಟಿಗೆ ಏರುವುದು ಅದರ ಆರೋಗ್ಯಕ್ಕೆ ಸಾಕ್ಷಿ.

ಉಪ್ಪಳದವರು ಹೇಳಿದ ಇನ್‌ಟೇಕ್ ಕಡೆಯ ಸೋರಿಕೆ ಬಹಳ ಕಾರುಗಳಲ್ಲಿ ಸರಿಯಾದ ಅನುಮಾನವೇ. ಆದರೆ ಒಳಬರುವ ಗಾಳಿಯನ್ನು ನೇರವಾಗಿ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇರುವ ಕಾರುಗಳಿಗೆ ಅದು ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಸೆನ್ಸರನ್ನು ದಾಟಿದ ಮೇಲೆ ಒಳನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ನಿಮ್ಮ ಕಾರಿನಲ್ಲಿ ಆ ಸೆನ್ಸರ್ ಇಲ್ಲ. ಮ್ಯಾನಿಫೋಲ್ಡಿನ ಒತ್ತಡ, ಎಂಜಿನ್ನಿನ ವೇಗ, ಗಾಳಿಯ ಉಷ್ಣತೆ ಇವುಗಳಿಂದ ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕುವ ವ್ಯವಸ್ಥೆ ಅದು. ಪೈಪು ಹರಿದು ಗಾಳಿ ಒಳಗೆ ಬಂದರೆ ಮ್ಯಾನಿಫೋಲ್ಡಿನ ಒತ್ತಡವೇ ಏರುತ್ತದೆ, ಇಸಿಯುಗೆ ಅದು ಕಾಣುತ್ತದೆ, ತಕ್ಕಷ್ಟು ಪೆಟ್ರೋಲ್ ಸೇರುತ್ತದೆ. ಹಾಗಾಗಿ ಇಂಥ ಕಾರಿನಲ್ಲಿ ಸೋರಿಕೆಯ ಮೊದಲ ಗುರುತು ಏರಿದ ಐಡಲ್ ವೇಗ. ನಿಮ್ಮದು 800ರಲ್ಲಿ ನಿಂತಿದೆ. ಒತ್ತಡದ ಅಂಕಿಗಳೂ ಚೆನ್ನಾಗಿವೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ ನಮ್ಮ ಊರುಗಳಲ್ಲಿ ಸ್ಟಾರ್ಟ್ ಮಾಡುವ ಮೊದಲು 100ರ ಹತ್ತಿರ ತೋರಿಸಬೇಕು, ಮಡಿಕೇರಿಯಷ್ಟು ಎತ್ತರದಲ್ಲಾದರೆ 88ರ ಆಸುಪಾಸು. ಐಡಲಿನಲ್ಲಿ 34 ಎಂಬುದು ಆರೋಗ್ಯವಂತ ಎಂಜಿನ್ನಿನ ಅಂಕಿ. ಒಂದೇ ಸಿಲಿಂಡರಿನ ಬಾಯಿಯಲ್ಲಿ ಸಣ್ಣ ಸೋರಿಕೆ ಇದ್ದರೆ ಲೆಕ್ಕ ಬೇರೆಯಾದೀತು, ಆದರೆ ಆಗ ಐಡಲಿನಲ್ಲಿ ಎಂಜಿನ್ ನಡುಗಬೇಕಿತ್ತು.

ಹೊಸಂಗಡಿಯವರ ಅಂಕಿಗಳನ್ನು ನಾನು ಒಪ್ಪುತ್ತೇನೆ, ನಿರ್ಣಯವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪೆಟ್ರೋಲಿನ ಗುಣ ಐಡಲಿನಲ್ಲಿ ಒಂದು, ಏರಿನಲ್ಲಿ ಇನ್ನೊಂದು ಆಗುವುದಿಲ್ಲ. ಎಥನಾಲಿನ ಪಾಲು ಎಲ್ಲ ವೇಗಗಳಲ್ಲೂ ಹೆಚ್ಚುಕಡಿಮೆ ಒಂದೇ ಸಮ ಇರಬೇಕು. ಎಲ್ಲೆಡೆ ಕಾಣುವ 5-6 ಬಹುಶಃ ಇ20ರದ್ದು. ಐಡಲಿನಲ್ಲಿ ಮಾತ್ರ ಹೆಚ್ಚುವರಿಯಾಗಿ ಕಾಣುವ 16ಕ್ಕೆ ಬೇರೆ ಕಾರಣ ಬೇಕು.

ಆ ಕಾರಣ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ, ಸೆನ್ಸರಿಗಿಂತ ಮೊದಲು ಇರುವ ಸೋರಿಕೆ ಎಂದು ನನ್ನ ಅಂದಾಜು. ಹೊಗೆ ಒಂದೇ ಧಾರೆಯಾಗಿ ಹೊರಹೋಗುವುದಿಲ್ಲ, ಬಿಟ್ಟು ಬಿಟ್ಟು ಬಡಿತಗಳಾಗಿ ಹೋಗುತ್ತದೆ. ಮೂರೇ ಸಿಲಿಂಡರಿನ ಎಂಜಿನ್ ಐಡಲಿನಲ್ಲಿರುವಾಗ ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಬಿಡುವು ಹೆಚ್ಚು. ಆ ಬಿಡುವಿನಲ್ಲಿ ಕೊಳವೆಯ ಒಳಗಿನ ಒತ್ತಡ ಹೊರಗಿನದಕ್ಕಿಂತ ಕೆಳಗಿಳಿದು, ಬಿರುಕಿನಿಂದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ವೇಗ ಏರಿದಾಗ ಬಡಿತಗಳು ಒತ್ತೊತ್ತಾಗಿ ಬಂದು, ಹೊಗೆಯೇ ಬಿರುಕಿನಿಂದ ಹೊರನುಗ್ಗುತ್ತದೆ. ಗಾಳಿ ಒಳಬರುವುದು ಕಡಿಮೆಯಾಗುತ್ತದೆ. ನಿಮ್ಮ 22 ಮತ್ತು 6ರ ಅಂತರಕ್ಕೆ ಇದು ಸರಿಹೊಂದುತ್ತದೆ. ಬೆಳಗ್ಗಿನ ಟಿಕ್ ಟಿಕ್ ಸದ್ದಿಗೂ ಇದೇ ವಿವರಣೆ: ತಣ್ಣಗಿರುವಾಗ ಲೋಹ ಕುಗ್ಗಿ ಸಂದು ದೊಡ್ಡದಿರುತ್ತದೆ, ಬಿಸಿಯಾದ ಮೇಲೆ ಹಿಗ್ಗಿ ಸಂದು ಕಿರಿದಾಗುತ್ತದೆ, ಸದ್ದು ನಿಲ್ಲುತ್ತದೆ, ಪೂರ್ತಿ ಮುಚ್ಚದೆ ಉಳಿದಷ್ಟರಿಂದ ಗಾಳಿ ಸೇರುತ್ತಲೇ ಇರುತ್ತದೆ.

ಮನೆಯಲ್ಲೇ ಪರೀಕ್ಷಿಸಬಹುದು. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನು ಸ್ಟಾರ್ಟ್ ಮಾಡದೆಯೇ, ಅಂಗಳದ ತರಗೆಲೆ ಹಾರಿಸುವ ಬ್ಲೋವರಿನ ಬಾಯಿಯನ್ನು ಬಟ್ಟೆ ಸುತ್ತಿ ಸೈಲೆನ್ಸರಿನ ತುದಿಗೆ ಹಿಡಿಯಲು ಒಬ್ಬರಿಗೆ ಹೇಳಿ. ಮ್ಯಾನಿಫೋಲ್ಡ್ ಎಂಜಿನ್ನಿಗೆ ಕೂಡುವಲ್ಲಿ, ಅದರ ಕೆಳಗಿನ ಫ್ಲ್ಯಾಂಜಿನಲ್ಲಿ, ಸೆನ್ಸರಿನ ಬುಡದಲ್ಲಿ ಸೋಪಿನ ನೀರು ಸಿಂಪಡಿಸಿ. ಮೇಲೆ ಮುಚ್ಚಿರುವ ತಗಡಿನ ಹೀಟ್ ಶೀಲ್ಡನ್ನು ತೆಗೆಯದೆ ಏನೂ ಕಾಣುವುದಿಲ್ಲ. ಗುಳ್ಳೆ ಏಳುವ ಜಾಗದ ಪಕ್ಕದಲ್ಲಿ ಲೋಹದ ಮೇಲೆ ಕಪ್ಪು ಅಥವಾ ಬೂದು ಬಣ್ಣದ ಗೆರೆ ಹರಡಿರುವುದನ್ನೂ ನೋಡುವಿರಿ.

ಇದನ್ನು ಮುಂದೂಡಬೇಡಿ ಎಂದು ಒತ್ತಿ ಹೇಳಲು ಎರಡು ಕಾರಣಗಳಿವೆ. ಅನಗತ್ಯವಾಗಿ ಸುರಿದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸಿ, ಮುಂದೆ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆನ್ನುವ ಪಿ0420 ಎಂಬ ಇನ್ನೂ ದುಬಾರಿಯ ಕೋಡನ್ನು ತರುತ್ತದೆ. ಎರಡನೆಯದು ಹೆಚ್ಚು ಮುಖ್ಯ: ಬಾನೆಟಿನೊಳಗೆ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ, ಅದಕ್ಕೆ ವಾಸನೆಯಿಲ್ಲ. ಹೊರಗಿನ ಗಾಳಿಯನ್ನು ಒಳಗೆಳೆಯುವ ವೆಂಟಿನ ಮೂಲಕ ಅದು ಕಾರಿನೊಳಗೆ ಬರಬಹುದು. ವಯಸ್ಸಾದ ತಂದೆಯವರನ್ನು ಕರೆದೊಯ್ಯುವಾಗ, ವಿಶೇಷವಾಗಿ ವಾಹನಗಳ ಸಾಲಿನಲ್ಲಿ ನಿಂತಿರುವಾಗ, ರಿಪೇರಿಯಾಗುವವರೆಗೆ ಕಿಟಕಿಗಳನ್ನು ಸ್ವಲ್ಪ ತೆರೆದಿಡಿ.

ಕುಂಬಳೆ ಕಡಲತಡಿ

ಪೆರ್ಲದ ಸರ್ ಬರೆದದ್ದನ್ನು ಓದಿ ಒಂದು ವಿಷಯ ಸೇರಿಸಬೇಕೆನಿಸಿತು. ನಮ್ಮ ಮನೆಯವರ ಕಾರಿನಲ್ಲೂ ಇಂಥದೇ ಸೋರಿಕೆಗೆ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಬದಲಿಸುವ ಕೆಲಸ ಮಾಡಿಸಬೇಕಾಗಿ ಬಂದಿತ್ತು. ಗ್ಯಾಸ್ಕೆಟಿನ ಬೆಲೆ ದೊಡ್ಡದಲ್ಲ, ಕಷ್ಟವಿರುವುದು ನಟ್ಟುಗಳಲ್ಲಿ. ಕಡಲಿನ ಉಪ್ಪುಗಾಳಿ, ತಿಂಗಳುಗಟ್ಟಲೆ ಮಳೆ, ಅದರ ಮೇಲೆ ದಿನವೂ ಕಾದು ತಣಿಯುವ ಲೋಹ ಸೇರಿ ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಹಿಡಿದಿಡುವ ತಿರುಪುಕಡ್ಡಿಗಳಾದ ಸ್ಟಡ್ಡುಗಳು ತುಕ್ಕು ಹಿಡಿದು ನಟ್ಟಿನೊಂದಿಗೆ ಒಂದೇ ತುಂಡಾದಂತೆ ಬೆಸೆದುಹೋಗಿರುತ್ತವೆ. ಆತುರದಿಂದ ಸ್ಪಾನರ್ ಹಾಕಿ ತಿರುಗಿಸಿದರೆ ಸ್ಟಡ್ಡು ಬುಡದಲ್ಲೇ ಮುರಿಯುತ್ತದೆ. ಆಮೇಲೆ ಅಲ್ಯೂಮಿನಿಯಂ ಹೆಡ್ಡಿನಿಂದ ಅದನ್ನು ಕೊರೆದು ತೆಗೆಯಲು ಲೇತಿನವರನ್ನು ಹುಡುಕಬೇಕಾಗಿ ಬಂದು, ಖರ್ಚು ಹಲವು ಪಟ್ಟು ಏರುತ್ತದೆ.

ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆಯನ್ನು ಪ್ರತಿ ನಟ್ಟಿಗೂ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಬೇಕು. ಬಿಚ್ಚುವಾಗ ಒಮ್ಮೆಗೇ ತಿರುಗಿಸದೆ ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸುತ್ತಾ ತೆಗೆಯಲು ಮೆಕ್ಯಾನಿಕ್ಕಿಗೆ ಹೇಳಿ. ನೀವು ಪಕ್ಕದಲ್ಲಿ ನಿಂತರೆ ಒಳ್ಳೆಯದು. ಹಳೆಯ ನಟ್ಟುಗಳನ್ನು ಮತ್ತೆ ಹಾಕಿಸಬೇಡಿ. ಗ್ಯಾಸ್ಕೆಟಿನ ಜೊತೆಗೆ ಸಿಲಿಕೋನ್ ಪೇಸ್ಟ್ ಬಳಿಯಲು ಹೊರಟರೆ ತಡೆಯಿರಿ. ಆ ಪೇಸ್ಟಿನ ಆವಿ ಆಕ್ಸಿಜನ್ ಸೆನ್ಸರನ್ನು ಕೆಡಿಸುತ್ತದೆಂದು ನಮಗೆ ಸೆನ್ಸರ್ ಮಾರಿದವರೇ ಎಚ್ಚರಿಸಿದ್ದರು.

ಉಪ್ಪಳ ಗ್ಯಾರೇಜು

ಕುಂಬಳೆಯ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಲ್ಯೂಮಿನಿಯಂ ಹೆಡ್ಡಿಗೆ ಬಿಗಿಯುವಾಗ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚ್ ಬಳಸಲು ಹೇಳಿ, ನಡುವಿನ ನಟ್ಟಿನಿಂದ ಆರಂಭಿಸಿ ಹೊರಗಿನವುಗಳ ಕಡೆಗೆ ಹೋಗಬೇಕು. ಮ್ಯಾನಿಫೋಲ್ಡಿನ ಮೇಲ್ಮೈ ಸೊಟ್ಟಗಾಗಿದೆಯೇ ಎಂದು ಒಂದು ನೇರವಾದ ಪಟ್ಟಿ ಇಟ್ಟು ನೋಡದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕೆಲಸ. ಪೆರ್ಲದ ಸರ್ ಅವರ ಪ್ಲಗ್ಗಿನ ವಾದ ನನಗೂ ಒಪ್ಪಿಗೆಯಾಗಿದೆ. ಈಗಿನ ಹುಡುಗರು ಸ್ಕ್ಯಾನರ್ ನೋಡುವಷ್ಟು ಶ್ರದ್ಧೆಯಿಂದ ಪ್ಲಗ್ಗನ್ನೂ ನೋಡಬೇಕು.

ನೀರ್ಚಾಲು ಮಾಸ್ತರ

ಪರೀಕ್ಷೆಯನ್ನು ನೀವು ಹೇಳಿದಂತೆಯೇ ಮಾಡಿದೆವು. ಮಗಳು ಬ್ಲೋವರ್ ಹಿಡಿದಳು, ನಾನು ಸೋಪಿನ ನೀರು ಸಿಂಪಡಿಸಿದೆ. ಎಂಜಿನ್ನಿಗೆ ಕೂಡುವ ಅಂಚಿನಲ್ಲಿ, ಮೂರನೆಯ ಸಿಲಿಂಡರಿನ ಕೆಳಬದಿಯಲ್ಲಿ ಗುಳ್ಳೆಗಳು ಸಾಲಾಗಿ ಎದ್ದವು. ಹೀಟ್ ಶೀಲ್ಡ್ ತೆಗೆದಾಗ ಅದೇ ಜಾಗದಿಂದ ಹೆಬ್ಬೆರಳಿನಷ್ಟು ಅಗಲಕ್ಕೆ ಬೂದು ಮಿಶ್ರಿತ ಕಪ್ಪು ಕಲೆ ಹರಡಿತ್ತು, ಅಲ್ಲಿನ ಒಂದು ನಟ್ಟು ಇರಲೇ ಇಲ್ಲ. ಸ್ಟಡ್ಡು ಎಂದೋ ಮುರಿದು ಬಿದ್ದಿರಬೇಕು.

ಮುರಿದ ಸ್ಟಡ್ಡಿನ ತುದಿ ಸ್ವಲ್ಪ ಹೊರಗೆ ಉಳಿದಿದ್ದರಿಂದ ಅದಕ್ಕೊಂದು ನಟ್ಟನ್ನು ವೆಲ್ಡ್ ಮಾಡಿ ತಿರುಗಿಸಿ ತೆಗೆದರು. ಎಣ್ಣೆ ಬಿಟ್ಟು ನೆನೆಸಿದ್ದರಿಂದ ಉಳಿದವು ಮುರಿಯದೆ ಬಂದವು. ಹೊಸ ಗ್ಯಾಸ್ಕೆಟ್, ಹೊಸ ಸ್ಟಡ್ಡು, ನಟ್ಟುಗಳಾದವು, ಪೇಸ್ಟ್ ಬಳಿಯಲಿಲ್ಲ. ಬೆಳಗ್ಗಿನ ಸದ್ದು ಇಲ್ಲ. ದೀಪವನ್ನು ಅಳಿಸದೆ ಬಿಟ್ಟಿದ್ದೆ. ಕೆಲವು ಓಡಾಟಗಳ ಬಳಿಕ ತಾನಾಗಿ ಆರಿದೆ. ಈಗ ಟ್ರಿಮ್ ಐಡಲಿನಲ್ಲಿ 7, 2500ರಲ್ಲಿ 6. ಪೆರ್ಲದ ಸರ್, ಈ 7ನ್ನು ಇನ್ನೂ ತಗ್ಗಿಸಲು ಏನಾದರೂ ಮಾಡಬೇಕೇ? ತೆಗೆದಿಟ್ಟ ಹಳೆಯ ಸೆನ್ಸರನ್ನು ಎಸೆಯಬಹುದೇ?

ಪೆರ್ಲ ಆಟೋಮೊಬೈಲ್

ಬಹಳ ಸಂತೋಷ. ಎರಡೂ ಕಡೆ ಒಂದೇ ಸಮ ಬಂದಿರುವ 6-7ನ್ನು ಹಾಗೆಯೇ ಬಿಡಿ. ಅದು ಪೆಟ್ರೋಲಿನದ್ದು, ಇಸಿಯು ತನ್ನ ಮಿತಿಯೊಳಗೆ ನಿಭಾಯಿಸುತ್ತದೆ. ಇಂಜೆಕ್ಟರ್ ಬದಲಿಸುವ ಮಾತನ್ನು ಕೈಬಿಡಿ. ಇಂದಿನ ಅಂಕಿಗಳನ್ನು ಕಾರಿನ ಸರ್ವಿಸ್ ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಟ್ಟು, ಮುಂದಿನ ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಓದಿ ಹೋಲಿಸಿ.

ಎಂಜಿನ್ ಆಯಿಲನ್ನು ಮಾತ್ರ ಈಗಲೇ ಬದಲಿಸಿ, ಸರ್ವಿಸಿಗೆ ಸಮಯವಾಗಿರದಿದ್ದರೂ ಚಿಂತೆಯಿಲ್ಲ. ಇಷ್ಟು ಕಾಲ ಹೆಚ್ಚಾಗಿ ಸುರಿದ ಪೆಟ್ರೋಲಿನಲ್ಲಿ ಒಂದಷ್ಟು ಪಿಸ್ಟನ್ನಿನ ಅಂಚಿನಿಂದ ಇಳಿದು ಆಯಿಲಿಗೆ ಸೇರಿರುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿದರೆ ನಿಮಗೇ ತಿಳಿದೀತು. ಪ್ಲಗ್ಗುಗಳನ್ನು ಒರೆಸಿ ಹಾಕಿ, ಕೆಲವು ವಾರಗಳ ಬಳಿಕ ತೆಗೆದು ನೋಡಿ. ತುದಿ ತಿಳಿಗಂದು ಬಣ್ಣಕ್ಕೆ ತಿರುಗಿದ್ದರೆ ಸಾಕು. ಕನ್ವರ್ಟರಿನ ಹಿಂದಿರುವ ಎರಡನೆಯ ಸೆನ್ಸರಿನ ಅಂಕಿಯನ್ನೂ ಆ್ಯಪಿನಲ್ಲಿ ನೋಡಿಕೊಳ್ಳಿ. ಅದು 0.6 ವೋಲ್ಟಿನ ಸುತ್ತ ನೆಮ್ಮದಿಯಾಗಿ ನಿಂತಿದ್ದರೆ ಕನ್ವರ್ಟರ್ ಉಳಿದುಕೊಂಡಿದೆ, ಮುಂದಿನ ಸೆನ್ಸರಿನಂತೆ ಅದೂ ಮೇಲೆ ಕೆಳಗೆ ಜಿಗಿಯುತ್ತಿದ್ದರೆ ಇಲ್ಲಿ ಬರೆಯಿರಿ.

ಹಳೆಯ ಸೆನ್ಸರನ್ನು ಎಸೆಯಬೇಡಿ. ಅದು ಕೆಟ್ಟಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ತುದಿಗೆ ಎಣ್ಣೆ, ಗ್ರೀಸ್ ತಾಗದಂತೆ ಕಾಗದ ಸುತ್ತಿ, ಹೊಸತು ಬಂದ ಪೆಟ್ಟಿಗೆಯಲ್ಲೇ ಹಾಕಿ, ಎಷ್ಟು ಕಿಲೋಮೀಟರ್ ಓಡಿದ್ದಾಗ ತೆಗೆದದ್ದೆಂದು ಮೇಲೆ ಬರೆದು ಒಣ ಜಾಗದಲ್ಲಿ ಇಡಿ.